ತಟಸ್ಥೀಕರಣದಲ್ಲಿ ಹುಟ್ಟುವುದು ಯಾವುದು?

ಆಮ್ಲವೂ ಪ್ರತ್ಯಾಮ್ಲವೂ ಕೂಡಿದರೆ ಲವಣವೂ ನೀರೂ ದೊರೆಯುತ್ತವೆ ಎಂಬ ವಾಕ್ಯವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಕಂಠಪಾಠ ಮಾಡಿರುತ್ತಾರೆ. ಈ ಕ್ರಿಯೆಗೆ ತಟಸ್ಥೀಕರಣವೆಂದು ಹೆಸರು. ಆದರೆ ಎರಡು ದ್ರಾವಣಗಳು ಬೀಕರಿನಲ್ಲಿ ಬೆರೆತ ಕ್ಷಣದಲ್ಲಿ ನಿಜವಾಗಿ ಹುಟ್ಟಿದ್ದು ಯಾವುದು? ಲವಣವೇ, ನೀರೇ? ಬಣ್ಣವಿಲ್ಲದ ಎರಡು ದ್ರವಗಳು ಬೆರೆತಾಗ ಕಣ್ಣಿಗೆ ಏನೂ ಕಾಣದು. ಕಣ್ಣು ಹೇಳಲಾರದ್ದನ್ನು ಉಷ್ಣಮಾಪಕವು ಹೇಳುತ್ತದೆ.

ಲೀಟರಿಗೆ 1 ಮೋಲ್ ಇರುವ ಹೈಡ್ರೊಕ್ಲೋರಿಕ್ ಆಮ್ಲದ ದ್ರಾವಣವನ್ನು 100 ಮಿಲಿಲೀಟರಿನಷ್ಟು ತೆಗೆದುಕೊಳ್ಳೋಣ. ಅಷ್ಟೇ ಸಾರವುಳ್ಳ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನೂ 100 ಮಿಲಿಲೀಟರ್ ತೆಗೆದುಕೊಂಡು, ಎರಡರ ಉಷ್ಣತೆಯೂ ಸಮನಾಗಿರುವುದನ್ನು ನೋಡಿಕೊಂಡು, ಶಾಖವು ಬೇಗ ಹೊರಹೋಗದಂತಹ ಪಾತ್ರೆಯಲ್ಲಿ ಬೆರೆಸೋಣ. ಉಷ್ಣತೆಯು ಸುಮಾರು 6.8 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಬೆರೆತ ದ್ರಾವಣದ ತೂಕ ಹತ್ತಿರ ಹತ್ತಿರ 200 ಗ್ರಾಂ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು 4.2 ಜೂಲ್ ಬೇಕು. ಗುಣಿಸಿ ನೋಡಿದರೆ ಸುಮಾರು 5,700 ಜೂಲ್ ಬಿಡುಗಡೆಯಾಗಿದೆ. ಇಲ್ಲಿ ಕೂಡಿದ್ದು ಒಂದು ಮೋಲಿನ ಹತ್ತನೆಯ ಒಂದು ಭಾಗ. ಆದ್ದರಿಂದ ಮೋಲಿಗೆ 57 ಕಿಲೋಜೂಲ್ ಎಂದಾಯಿತು.

ಈಗ ಆಮ್ಲವನ್ನೂ ಕ್ಷಾರವನ್ನೂ ಬದಲಿಸೋಣ. ನೈಟ್ರಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಬೆರೆಸಿದರೂ ಉಷ್ಣತೆ ಹೆಚ್ಚುಕಡಮೆ ಅಷ್ಟೇ ಏರುತ್ತದೆ! ಶಾಖವು ಲವಣದ ಹುಟ್ಟಿನಿಂದ ಬಂದುದಾಗಿದ್ದರೆ, ಬೇರೆ ಬೇರೆ ಲವಣಗಳಿಗೆ ಬೇರೆ ಬೇರೆ ಶಾಖ ಬರಬೇಕಾಗಿತ್ತು. ಎರಡು ಪ್ರಯೋಗಗಳಿಗೂ ಸಮಾನವಾದುದು ನೀರೊಂದೇ.

ಸ್ವೀಡನ್ನಿನ ಅರ್ಹೇನಿಯಸ್ 1887ರಲ್ಲಿ ಪ್ರಕಟಿಸಿದ ವಾದವು ಈ ಒಗಟನ್ನು ಬಿಡಿಸಿತು. ಪ್ರಬಲವಾದ ಆಮ್ಲ ಮತ್ತು ಕ್ಷಾರಗಳು ನೀರಿನಲ್ಲಿ ಮೊದಲೇ ಅಯಾನುಗಳಾಗಿ ಒಡೆದಿರುತ್ತವೆ. ಆಮ್ಲದ ಜಲಜನಕ ಅಯಾನು ಕ್ಷಾರದ ಹೈಡ್ರಾಕ್ಸಿಲ್ ಅಯಾನಿನೊಡನೆ ಸೇರಿ ನೀರಾಗುತ್ತದೆ. ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಮದುವೆಮನೆಗೆ ಬಂದ ನೆಂಟರಂತೆ ಸುಮ್ಮನೆ ನೋಡುತ್ತ ನಿಂತಿರುತ್ತವೆ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನು ಬಳಸಿದರೆ ಶಾಖ ಸ್ವಲ್ಪ ಕಡಮೆ. ದುರ್ಬಲವಾದ ಆ ಆಮ್ಲದ ಅಣುಗಳಲ್ಲಿ ಹೆಚ್ಚಿನವು ಒಡೆಯದೆ ಉಳಿದಿರುತ್ತವೆ. ಅವನ್ನು ಒಡೆಯಲು ಶಾಖದ ಒಂದಂಶ ವೆಚ್ಚವಾಗುತ್ತದೆ.

ಹಾಗಾದರೆ ಲವಣವೆಲ್ಲಿ? ನೀರನ್ನು ಆವಿಯಾಗಿಸಿದ ಮೇಲೆ ನೆಂಟರಿಬ್ಬರೂ ಕೈಹಿಡಿಯುತ್ತಾರೆ. ನಮ್ಮ ಮೊದಲ ಪ್ರಯೋಗದಲ್ಲಿ ಹೊಸದಾಗಿ ಹುಟ್ಟಿದ ನೀರು 1.8 ಗ್ರಾಂ; ದ್ರಾವಣವನ್ನು ಕಾಯಿಸಿದರೆ ದೊರೆಯುವ ಉಪ್ಪು ಸುಮಾರು 5.85 ಗ್ರಾಂ. ಆದ್ದರಿಂದ ಲವಣ ತಯಾರಿಕೆಯೆಂದರೆ ಎರಡು ಕೆಲಸ: ಆಮ್ಲ, ಪ್ರತ್ಯಾಮ್ಲಗಳೆರಡೂ ಮಿಗದಂತೆ ಸರಿಗೂಡಿಸುವುದು; ಬಳಿಕ ನೀರನ್ನು ತಕ್ಕಷ್ಟು ತೆಗೆಯುವುದು.

ಸರಿಗೂಡಿಸುವ ಬಗೆಯು ಪ್ರತ್ಯಾಮ್ಲವನ್ನು ಅವಲಂಬಿಸಿದೆ. ಅದು ನೀರಿನಲ್ಲಿ ಕರಗುವಂಥದಾದರೆ ಬ್ಯೂರೆಟ್ಟು ಬೇಕು. ಫಿನಾಲ್ಫ್ಥಲೀನ್ ಹಾಕಿದ ಕ್ಷಾರಕ್ಕೆ ಆಮ್ಲವನ್ನು ಹನಿಹನಿಯಾಗಿ ಬಿಟ್ಟು, ಗುಲಾಬಿ ಬಣ್ಣ ಮಾಯವಾಗುವ ಅಳತೆಯನ್ನು ಗುರುತಿಸಿಕೊಳ್ಳಬೇಕು. ಸೂಚಕವು ಲವಣದೊಡನೆ ಉಳಿಯಬಾರದಾದ್ದರಿಂದ ಅದೇ ಅಳತೆಗಳನ್ನು ಸೂಚಕವಿಲ್ಲದೆ ಮತ್ತೊಮ್ಮೆ ಬೆರೆಸಬೇಕು. ಮಿಕ್ಕ ಹೈಡ್ರೊಕ್ಲೋರಿಕ್ ಆಮ್ಲವು ಕಾಯಿಸಿದಾಗ ಹಾರಿಹೋದೀತು. ಮಿಕ್ಕ ಕ್ಷಾರವು ಉಪ್ಪಿನಲ್ಲಿಯೇ ಕುಳಿತುಬಿಡುತ್ತದೆ.

ಪ್ರತ್ಯಾಮ್ಲ ಕರಗದಿದ್ದರೆ ಕೆಲಸ ಇನ್ನೂ ಸುಲಭ. ಬೆಚ್ಚಗಿನ ಸಾರರಿಕ್ತ ಗಂಧಕಾಮ್ಲಕ್ಕೆ ಕಪ್ಪು ತಾಮ್ರದ ಆಕ್ಸೈಡನ್ನು ಸೇರಿಸುತ್ತ ಹೋಗಬೇಕು. ಪುಡಿಯು ಕರಗದೆ ತಳದಲ್ಲಿ ಉಳಿದರೆ ಆಮ್ಲ ಮುಗಿದಂತೆಯೇ. ಶೋಧಿಸಿ, ನೀಲಿ ದ್ರಾವಣವನ್ನು ಅರ್ಧಕ್ಕಿಳಿಯುವಷ್ಟು ಕಾಯಿಸಿ ತಣಿಯಲು ಬಿಟ್ಟರೆ ಮೈಲುತುತ್ತದ ಹರಳುಗಳು ಬೆಳೆಯುತ್ತವೆ. ಪೂರ್ತಿ ಬತ್ತಿಸಿ ಹೆಚ್ಚು ಕಾಯಿಸಬಾರದು. ಈ ಹರಳಿನಲ್ಲಿ ಒಂದು ಪಾಲು ತಾಮ್ರದ ಸಲ್ಫೇಟಿಗೆ ಐದು ಅಣು ನೀರು ಸೇರಿದೆ; ಅದು ಹೋದರೆ ಉಳಿಯುವುದು ಬಿಳಿಯ ಪುಡಿ. ಇಂತಹ ಪ್ರಯೋಗಗಳಲ್ಲಿ ಕಣ್ಣಿಗೆ ಕನ್ನಡಕವಿರಲಿ. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಹಾಕಲೇಬಾರದು.

ಈ ಮೈಲುತುತ್ತವನ್ನು ಮಲೆನಾಡಿನ ಅಡಕೆ ಬೆಳೆಗಾರರು ಚೆನ್ನಾಗಿ ಬಲ್ಲರು. ಅದರ ದ್ರಾವಣವು ನೀಲಿ ಲಿಟ್ಮಸನ್ನು ಕೆಂಪಾಗಿಸುತ್ತದೆ. ಹಾಗೆಯೇ ಸಿಂಪಡಿಸಿದರೆ ಗಿಡಕ್ಕೆ ಹಾನಿ. ಆದ್ದರಿಂದ ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಸೇರಿಸುತ್ತಾರೆ. ಬಳಿಕ ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಬೇಕು. ಪ್ರಯೋಗಶಾಲೆಯಲ್ಲಿ ಗುಲಾಬಿ ಬಣ್ಣವು ಮಾಡುವ ಕೆಲಸವನ್ನು ತೋಟದಲ್ಲಿ ಈ ಚಾಕು ಮಾಡುತ್ತದೆ. ಅಲ್ಲಿ ತಪ್ಪಿದರೆ ಅಂಕ ಹೋದೀತು. ಇಲ್ಲಿ ತಪ್ಪಿದರೆ ವರ್ಷದ ಫಸಲಿಗೇ ಕುತ್ತು.