ಆ ತರಗತಿ ನಿಮ್ಮ ಮಗನದೂ ಹೌದು

ಗಂಟೆ ಬಾರಿಸಿದೊಡನೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುವ, ಆಟಿಸಂ ಇರುವ ನಿಮ್ಮ ಮಗನನ್ನು ವಿಶೇಷ ಶಾಲೆಗೆ ಕರೆದೊಯ್ಯಿರಿ ಎಂದು ಶಾಲೆಯವರು ಹೇಳಿದ್ದಾರೆ. ದಯವಿಟ್ಟು ಒಪ್ಪಬೇಡಿ ತಾಯಿ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾಯ್ದೆ ಅದನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದಾಗಿ ಸೇರಿಸಿತು. ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ, ಇವೂ ಅದೇ ಕಾಯ್ದೆಯಲ್ಲಿವೆ. ಮಗನ ಮನಸ್ಸು ಬೇರೆ ಬಗೆಯದು, ಕೆಟ್ಟದ್ದಲ್ಲ ಎನ್ನುವ ನಿಮಗೆ ಅಂಗವೈಕಲ್ಯದ ಪ್ರಮಾಣಪತ್ರ ಚುಚ್ಚುವುದು ಸಹಜ. ಆದರೂ ಮಾಡಿಸಿಕೊಳ್ಳಿ. ಅದಿಲ್ಲದೆ ಈ ಸೌಲಭ್ಯಗಳನ್ನು ಕೇಳುವುದು ಕಷ್ಟ.

ಉಳಿದ ಮಕ್ಕಳ ಪಾಠ ಕೆಡುತ್ತದೆ ಎಂಬ ಪೋಷಕರ ಮಾತನ್ನು ತಳ್ಳಿಹಾಕಲಾರೆ. ತುಂಬಿದ ತರಗತಿಯಲ್ಲಿ ಒಬ್ಬರೇ ಶಿಕ್ಷಕಿ ಎಷ್ಟೆಂದು ನೋಡಿಯಾರು? ಆದರೆ ಆ ಕೊರತೆ ಮಗುವಿನದಲ್ಲ. ವಿಶೇಷ ಶಿಕ್ಷಕರ ನೇಮಕದ ಬಗ್ಗೆ ಸುಪ್ರೀಂ ಕೋರ್ಟ್ 2021ರಲ್ಲೇ ಸರ್ಕಾರಕ್ಕೆ ನಿರ್ದೇಶನ ಕೊಟ್ಟಿದೆ. ಆ ಪೋಷಕರೂ ನಿಮ್ಮೊಂದಿಗೆ ಅದನ್ನೇ ಕೇಳಲಿ. ಸದ್ಯಕ್ಕೆ ಗಂಟೆಯಿಂದ ದೂರದ ಜಾಗ, ಬಾರಿಸುವ ಮುನ್ನ ಒಂದು ಸನ್ನೆ, ದಿನದ ಪಾಠಗಳ ಪಟ್ಟಿ ಬೋರ್ಡಿನ ಮೇಲೆ, ಇಷ್ಟನ್ನು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ನಿರಾಕರಿಸಿದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಿ.