ಇಡೀ ಕೋಳಿಯನ್ನು ಉಪ್ಪುನೀರಿಗೆ ಹಾಕುವ ಮುನ್ನ

ವನದುರ್ಗದಲ್ಲಾಗಲಿ, ಶಹಾಪುರ, ಸುರಪುರದಲ್ಲಾಗಲಿ ಮನೆಯಲ್ಲೇ ಇಡೀ ಕೋಳಿಯನ್ನು ಉಪ್ಪುನೀರಲ್ಲಿ ನೆನೆಸಿ ರೋಸ್ಟ್ ಮಾಡಲು ಹೊರಟವರು ಮೊದಲು ಫ್ರಿಜ್ ನೋಡಿಕೊಳ್ಳಿ, ಆಮೇಲೆ ಕೋಳಿ ತನ್ನಿ. ಬ್ಯಾಸಗಿಯಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ಹಸಿ ಕೋಳಿ ಒಂದು ತಾಸಿಗಿಂತ ಹೆಚ್ಚು ಹೊರಗಿರಬಾರದು.

"ಉಪ್ಪು ಹಾಕೀವಲ್ಲ, ಕೆಡಂಗಿಲ್ಲ" ಅನ್ನುವವರ ಮಾತು ಕೇಳಬೇಡಿ. ಖಂಡ ಒಣಗಿಸುವಾಗ ಉಪ್ಪಿನ ಜೊತೆ ಬಿಸಿಲೂ ಸೇರಿ ನೀರಿನ ಪಸೆಯನ್ನೇ ತೆಗೆಯುತ್ತದೆ. ಇಲ್ಲಿ ಮಾಂಸ ನೀರಿನಲ್ಲೇ ಮುಳುಗಿರುತ್ತದೆ, ಉಪ್ಪು ನೂರಕ್ಕೆ ಐದು ಪಾಲು ಮಾತ್ರ. ಅಷ್ಟಕ್ಕೆ ರೋಗಾಣು ಸಾಯುವುದಿಲ್ಲ. ಪಾತ್ರೆ 5 ಡಿಗ್ರಿಗಿಂತ ತಣ್ಣಗಿರಲೇಬೇಕು. ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯಬೇಡಿ. ನಾಲ್ಕು ತಾಸು ಮೀರುವ ಲಕ್ಷಣ ಕಂಡರೆ ಅದಕ್ಕೆ ಮೊದಲೇ ಒಲೆ ಹೊತ್ತಿಸಿ. ಫ್ರಿಜ್ ಇಲ್ಲದವರು ಉಪ್ಪುನೀರಿನ ಗೊಡವೆಗೇ ಹೋಗಬೇಡಿ. ಒಳಗೂ ಹೊರಗೂ ಉಪ್ಪು, ಅರಿಶಿನ ತಿಕ್ಕಿ ಕೂಡಲೇ ಬೆಂಕಿಗಿಡಿ.

ಮಾಡಬೇಕಾದ್ದು

ಅಂಗಡಿಯಲ್ಲಿ ಮೊದಲೇ ಹೇಳಿ: ತೊಗಲು ಸುಲಿಯಬಾರದು, ತುಂಡು ಮಾಡಬಾರದು. ಒಂದೂವರೆ ಕೆಜಿಯ ಫಾರಂ ಕೋಳಿ ಸಾಕು. ವಯಸ್ಸಾದ ಜವಾರಿ ಹುಂಜವನ್ನು ಎಷ್ಟು ನೆನೆಸಿದರೂ ರೋಸ್ಟಿಗೆ ಬಗ್ಗುವುದಿಲ್ಲ. ಅದಕ್ಕೆ ಸಾರೇ ಸರಿ, ಜೊತೆಗೆ ಬಿಳಿಜೋಳದ ರೊಟ್ಟಿ.

ಕುಡಿಯುವ ನೀರು 3 ಲೀಟರ್, ಉಪ್ಪು 150 ಗ್ರಾಂ. ಉಪ್ಪನ್ನು ತೂಗಿಯೇ ಹಾಕಿ; ಹರಳುಪ್ಪಿನ ಚಮಚ, ಪುಡಿ ಉಪ್ಪಿನ ಚಮಚ ಒಂದೇ ತೂಕ ಬರುವುದಿಲ್ಲ. ಬಿಸಿನೀರಲ್ಲಿ ಕರಗಿಸಿದ್ದರೆ ಪೂರ್ತಿ ಆರಿಸಿ, ತಣ್ಣಗಾದ ಮೇಲೆ ಕೋಳಿ ಮುಳುಗಿಸಿ. ಸ್ಟೀಲ್ ಪಾತ್ರೆ, ಮೇಲೆ ಮುಚ್ಚಳ, ಫ್ರಿಜ್ಜಿನ ಕೆಳಗಿನ ತಟ್ಟೆ. ಎಂಟರಿಂದ ಹನ್ನೆರಡು ತಾಸು, ಅದಕ್ಕಿಂತ ಹೆಚ್ಚು ಬೇಡ.

ತೆಗೆದ ಮೇಲೆ ಕಾಗದದಿಂದ ಒತ್ತಿ ಒಳಗೂ ಹೊರಗೂ ಒಣಗಿಸಿ. ತೊಗಲು ಹಸಿ ಇದ್ದರೆ ಕೋಳಿ ಬೇಯುತ್ತದೆ, ಗರಿಗರಿಯಾಗುವುದಿಲ್ಲ. ಶೇಂಗಾ ಎಣ್ಣೆ ಸವರಿ, ಮೊದಲೇ ಕಾಯಿಸಿದ ಓವನ್‌ನಲ್ಲಿ 200 ಡಿಗ್ರಿಗೆ ಒಂದು ತಾಸಿನಿಂದ ಒಂದೂಕಾಲು ತಾಸು ಇಡಿ. ಖಾರದಪುಡಿ ಕೊನೆಯ ಹದಿನೈದು ನಿಮಿಷಕ್ಕೆ. ಮೊದಲೇ ಹಚ್ಚಿದರೆ ಕರಕಲು.

ಓವನ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆ, ಕೆಳಗೆ ಸ್ವಲ್ಪ ಕೆಂಡ, ಮುಚ್ಚಳದ ಮೇಲೆ ಹೆಚ್ಚು ಕೆಂಡ. ಜಾಲಿ ಕೆಂಡವೇ ಆಗಬೇಕು. ತೊಗರಿ ಕಟ್ಟಿಗೆ ಭರ್ರನೆ ಉರಿದು ಬೂದಿಯಾಗುತ್ತದೆ. ಔಷಧ ಹೊಡೆದ ಹೊಲದ ಹತ್ತಿ ಕಟ್ಟಿಗೆಯನ್ನಂತೂ ನಾನು ಕೋಳಿಯ ಹತ್ತಿರ ತರಲು ಬಿಡುವುದಿಲ್ಲ. ಕೆಂಡದ ಒಲೆಯನ್ನು ಬಾಗಿಲು ಮುಚ್ಚಿದ ಕೋಣೆಯೊಳಗೆ ಹೊತ್ತಿಸಬೇಡಿ.

ತೊಡೆಯ ದಪ್ಪ ಭಾಗದಲ್ಲಿ, ಎಲುಬಿಗೆ ತಾಗದಂತೆ, ಥರ್ಮಾಮೀಟರ್ ಚುಚ್ಚಿ. 74 ಡಿಗ್ರಿ ತೋರಿಸಬೇಕು. ಬಣ್ಣ ನಂಬಬೇಡಿ, ಬೆಂದ ಮೇಲೂ ಎಲುಬಿನ ಪಕ್ಕ ಕೆಂಪು ಉಳಿಯುವುದುಂಟು. ಇಳಿಸಿದ ಮೇಲೆ ಹದಿನೈದು ನಿಮಿಷ ಮುಟ್ಟಬೇಡಿ, ಮಕ್ಕಳು ಎಷ್ಟೇ ಕಾಡಲಿ.

ಮಾಡಬಾರದ್ದು

ಕೋಳಿ ನೆನೆಸಲು ಕೀಟನಾಶಕದ ಡಬ್ಬಿ, ಪೇಂಟ್ ಬಕೆಟ್ ಬಳಸಲೇಬಾರದು, ಹತ್ತು ಸಲ ತೊಳೆದಿದ್ದರೂ ಸರಿಯೇ. ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆಯನ್ನು ಉಪ್ಪು ತಿನ್ನುತ್ತದೆ.

ಹಸಿ ಕೋಳಿಯನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬಾರದು. ಹನಿ ಸಿಡಿದು ಪಕ್ಕದಲ್ಲಿದ್ದ ಕೊತ್ತಂಬರಿ, ಸೌತೆಕಾಯಿಗೂ ಸಾಲ್ಮೊನೆಲ್ಲಾ ರೋಗಾಣು ಹತ್ತಬಹುದು.

ಉಪ್ಪುನೀರಿಗೆ ಗರಂ ಮಸಾಲೆ ಸುರಿದು ದಂಡ ಮಾಡಬೇಡಿ. ಮಾಂಸದ ಆಳಕ್ಕಿಳಿಯುವುದು ಉಪ್ಪು ಮಾತ್ರ. ಆಮೇಲೆ ಹಚ್ಚುವ ಮಸಾಲೆಗೆ ಮತ್ತೆ ಉಪ್ಪು ಹಾಕಬಾರದು. ಬಿಪಿ ಇದ್ದವರ ಪಾಲಿಗೆ ಈ ಕೋಳಿ ಬೇಡ, ಅವರಿಗೆ ಬೇರೆ ತುಂಡು ಬೇಯಿಸಿ.

ಒಮ್ಮೆ ಬಳಸಿದ ಉಪ್ಪುನೀರನ್ನು ಇನ್ನೊಂದು ಕೋಳಿಗೆ ಬಳಸಬಾರದು. ಕರಿಬೇವಿನ ಬುಡಕ್ಕೂ ಸುರಿಯಬೇಡಿ, ಗಿಡ ಸಾಯುತ್ತದೆ. ಮೋರಿಗೆ ಚೆಲ್ಲಿ, ಮೇಲೆ ಎರಡು ತಂಬಿಗೆ ನೀರು ಹಾಕಿ, ಸಾಬೂನಿನಿಂದ ಕೈ ತೊಳೆಯಿರಿ.