ಕಕ್ಷಿಗಾರನ ಗುಟ್ಟು, ಗುಮಾಸ್ತನ ಕರ್ತವ್ಯ

ಗೂಡಲೂರಿನ ಓದುಗ ಮಹಾಶಯರೇ, 1969ರ ಗೂಡಲೂರು ಜನ್ಮಂ ಎಸ್ಟೇಟುಗಳ ರದ್ದಿಯಾತಿ ಕಾಯಿದೆಗೆ ಸಂಬಂಧಿಸಿದ ನಿಮ್ಮ ಭೂವ್ಯಾಜ್ಯದ ನಿಮಿತ್ತ ಉದಕಮಂಡಲದ ವಕೀಲರ ಕಚೇರಿಗೆ ಹಳೆಯ ಗೇಣಿಪತ್ರ, ಆಧಾರ್ ಪ್ರತಿ, ಮನೆಯ ಒಳಜಗಳದ ವೃತ್ತಾಂತ ಎಲ್ಲವನ್ನೂ ಒಪ್ಪಿಸಿ, ತಮಿಳು ಬಾರದ ಕಾರಣ ಗುಮಾಸ್ತನ ಬಾಯಿಂದಲೇ ಹೇಳಿಸಬೇಕಾಗಿ ಬಂದುದರಿಂದ ಗುಟ್ಟು ಹೊರಬಿದ್ದೀತೆಂದು ನಿಮಗುಂಟಾದ ಶಂಕೆ ಸಹಜವಾದುದೇ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಪ್ರಕರಣವು, 1872ರ ಹಳೆಯ ಶಾಸನದ ತತ್ತ್ವವನ್ನೇ ಅನುಸರಿಸಿ, ಕಕ್ಷಿಗಾರನ ಸ್ಪಷ್ಟ ಸಮ್ಮತಿಯಿಲ್ಲದೆ ಅವನ ಮಾತನ್ನಾಗಲಿ ದಸ್ತಾವೇಜಿನ ಒಕ್ಕಣೆಯನ್ನಾಗಲಿ ವಕೀಲನು ಹೊರಗೆಡಹಲಾಗದೆಂದು ವಿಧಿಸಿ, ಆ ನಿರ್ಬಂಧವನ್ನು ದುಭಾಷಿಗೂ ಗುಮಾಸ್ತನಿಗೂ ವಿಸ್ತರಿಸಿದೆ. ವಕಾಲತ್ತು ಮುಗಿದ ಮೇಲೂ ಅದು ಅಳಿಯದು. ಆದರೆ ಅಕ್ರಮಕಾರ್ಯಕ್ಕೆ ನೆರವು ಬೇಡಿ ಆಡಿದ ಮಾತಿಗೆ ಈ ರಕ್ಷೆಯಿಲ್ಲ, ಇರಲೂ ಬಾರದು.

ಗುಮಾಸ್ತನ ನಾಲಗೆಗಿಂತ ನನಗೆ ಹೆಚ್ಚು ಭಯವಿರುವುದು ನೆರಳಚ್ಚಿನ ಅಂಗಡಿಯಲ್ಲಿ ಉಳಿದುಹೋಗುವ ಪ್ರತಿಗಳ ಬಗೆಗೆ, ಅವನ ಸ್ವಂತ ಫೋನಿನ ವಾಟ್ಸಾಪಿನ ಬಗೆಗೆ. ಆದುದರಿಂದ ಪೂರ್ಣ ಸಂಖ್ಯೆ ಅಗತ್ಯವಿಲ್ಲದೆಡೆ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಕೊಡಿರಿ. ಮೂಲಪತ್ರಗಳಿಗೆ ರಸೀತಿ ಪಡೆಯಿರಿ. ವ್ಯಾಜ್ಯಾಂತ್ಯದಲ್ಲಿ ಅವುಗಳನ್ನು ಹಿಂದಕ್ಕೆ ಕೇಳಿರಿ. ರಸೀತಿ ಕೊಡಲು ಹಿಂಜರಿಯುವ ಕಚೇರಿಯನ್ನು ಬದಲಿಸುವುದೇ ಲೇಸು.